ಎರಡು ಮನೆ, ಒಂದು ಬ್ಯಾಗು: ಡೈವೋರ್ಸ್ ಆದ ಮೇಲೆ ಮಕ್ಕಳನ್ನು ಇಬ್ಬರೂ ಸೇರಿ ಬೆಳೆಸುವುದು ಹೇಗೆ?

ನಾವು ಬೇರೆಯಾಗಿ ಎರಡು ತಿಂಗಳಾಗಿತ್ತು. ಮಗಳಿಗೆ ಆಗ ಐದು ವರ್ಷ. ಒಂದು ಭಾನುವಾರ ನನ್ನ ಮನೆಯಲ್ಲಿದ್ದಾಗ ಅವಳಿಗೆ ಜ್ವರ ಬಂತು. ಸಂಜೆ ಐದಕ್ಕೆ ಪ್ಯಾರಾಸಿಟಮಾಲ್ ಸಿರಪ್ ಕುಡಿಸಿದೆ. ಆರಕ್ಕೆ ಅವಳ ಅಮ್ಮನ ಮನೆ ಬಾಗಿಲಿಗೆ ಬಿಟ್ಟೆ. ಆಗ ನಮ್ಮಿಬ್ಬರ ನಡುವೆ ಮಾತುಕತೆ ಇರಲಿಲ್ಲ. ಬ್ಯಾಗು ಕೆಳಗಿಟ್ಟೆ, ತಿರುಗಿ ನೋಡದೆ ಹೊರಟೆ. ಆರೂವರೆಗೆ ಮಗುವಿನ ಮೈ ಸುಡುವುದನ್ನು ನೋಡಿ ಅವರೂ ಅದೇ ಸಿರಪ್ ಕುಡಿಸಿದರು. ಆ ಔಷಧಿಯ ಎರಡು ಡೋಸ್‌ಗಳ ನಡುವೆ ಕಡಿಮೆ ಅಂದ್ರೂ 4 ಗಂಟೆ ಅಂತರ ಬೇಕು. 24 ಗಂಟೆಯಲ್ಲಿ 4 ಸಲಕ್ಕಿಂತ ಜಾಸ್ತಿ ಕೊಡಬಾರದು. "ಅಪ್ಪ ಆಗ್ಲೇ ಕುಡಿಸಿದ್ದ" ಅಂತ ಮಗಳು ಹೇಳಿದ್ದು ನುಂಗಿದ ಮೇಲೆ.

ಡಾಕ್ಟರಿಗೆ ಫೋನ್ ಮಾಡಿ ವಿಚಾರಿಸಿದರು, ರಾತ್ರಿಯೆಲ್ಲ ಎದ್ದು ಕೂತು ನೋಡಿಕೊಂಡರು. ಮಗುವಿಗೆ ಏನೂ ಆಗಲಿಲ್ಲ. ಆದರೆ ವಿಷಯ ಗೊತ್ತಾದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ನಾನು ಬಾಗಿಲಲ್ಲಿ ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಸಿಟ್ಟಿಗೆ ಬಾಯಿ ಬಿಗಿದುಕೊಂಡೆ. ನಾನು ಹೇಳಬೇಕಾಗಿದ್ದನ್ನು ಹೇಳುವ ಕೆಲಸ ಐದು ವರ್ಷದ ಕೂಸಿನ ಮೇಲೆ ಬಿತ್ತು.

ಆರು ವರ್ಷದಿಂದ ನಾವಿಬ್ಬರೂ ಎರಡು ಮನೆಯಿಂದ ಒಂದು ಮಗುವನ್ನು ಬೆಳೆಸುತ್ತಿದ್ದೇವೆ. ಕಲಿತದ್ದನ್ನೆಲ್ಲ ಒಂದೇ ಮಾತಲ್ಲಿ ಹೇಳಬೇಕು ಅಂದರೆ ಇಷ್ಟು: ದೊಡ್ಡವರ ಭಾರ ಮಗುವಿನ ಬ್ಯಾಗಿನೊಳಗೆ ಹೋಗಬಾರದು. ಸುದ್ದಿ, ಸಿಟ್ಟು, ದುಡ್ಡಿನ ಲೆಕ್ಕ, ಬೇಜಾರು, ಯಾವುದನ್ನೂ ಮಗು ಈ ಮನೆಯಿಂದ ಆ ಮನೆಗೆ ಹೊತ್ತುಕೊಂಡು ಹೋಗುವ ಹಾಗೆ ಆಗಬಾರದು. ಅದಕ್ಕೆ ಏನೇನು ಮಾಡಬೇಕು ಅನ್ನುವುದನ್ನು ಒಂದೊಂದಾಗಿ ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು: ಇದು ನಿಮ್ಮ ಪರಿಸ್ಥಿತಿಗೆ ಒಗ್ಗುತ್ತದೆಯೇ?

ಹೊಡೆತ, ಬೆದರಿಕೆ, ಮಗುವಿನ ಮೇಲೆ ದೌರ್ಜನ್ಯ ಇದ್ದ ಕಡೆ ಈ ಲೇಖನದ ಹೆಚ್ಚಿನ ಮಾತುಗಳು ನಡೆಯುವುದಿಲ್ಲ. ಅಂಥ ಕಡೆ "ಮಕ್ಕಳಿಗೋಸ್ಕರ ಹೊಂದಿಕೊಂಡು ಹೋಗಿ" ಅನ್ನುವ ಸಲಹೆ ಅಪಾಯಕಾರಿ. ಮೊದಲು ವಕೀಲರ ಹತ್ತಿರ ಮಾತಾಡಿ. ಭೇಟಿ ಬೇಕೇ ಬೇಕು ಅಂತಾದರೆ ಮೂರನೆಯವರ ಕಣ್ಣಳತೆಯಲ್ಲಿ ನಡೆಯುವಂತೆ ಕೋರ್ಟಿನಲ್ಲಿ ಕೇಳಿ. ವಿಶ್ವಸಂಸ್ಥೆ 1989ರಲ್ಲಿ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 9ನೇ ವಿಧಿಯೂ ಇದನ್ನೇ ಹೇಳುತ್ತದೆ. ಅಪ್ಪ ಅಮ್ಮ ಬೇರೆಯಾದರೂ ಇಬ್ಬರ ಜೊತೆಗೂ ನಿಯಮಿತವಾಗಿ ಒಡನಾಡುವ ಹಕ್ಕು ಮಗುವಿಗಿದೆ, ಅದು ಮಗುವಿನ ಹಿತಕ್ಕೆ ವಿರುದ್ಧವಾಗಿದ್ದಾಗ ಮಾತ್ರ ಬೇರೆ. ಹಕ್ಕು ಮಗುವಿನದು ಅನ್ನುವುದನ್ನು ಗಮನಿಸಿ. "ನನ್ನ ಪಾಲು", "ನಿನ್ನ ಪಾಲು" ಅಂತ ಜಗಳ ಹತ್ತಿದಾಗಲೆಲ್ಲ ನಾನು ಇದನ್ನು ನೆನಪಿಸಿಕೊಳ್ಳುತ್ತೇನೆ.

ಅಪಾಯ ಏನೂ ಇಲ್ಲ, ಆದರೆ ಎದುರು ಬದುರು ಬಂದರೆ ಸಾಕು ಕಿಡಿ ಹಾರುತ್ತದೆ ಅನ್ನುವವರಿಗೆ ಒಂದು ದಾರಿ ಇದೆ. ಒಟ್ಟಿಗೆ ಕೂತು ಮಾತಾಡುವುದನ್ನು ಬಿಟ್ಟುಬಿಡಿ. ಬರವಣಿಗೆಯಲ್ಲಿ ಮಾತ್ರ ವ್ಯವಹರಿಸಿ. ನಿಮ್ಮ ಮನೆಯ ದಿನಚರಿ ನಿಮ್ಮದು, ಅವರ ಮನೆಯದು ಅವರದು. ಓದು, ಆರೋಗ್ಯ, ಸುರಕ್ಷತೆ ಈ ಮೂರಕ್ಕೆ ಮಾತ್ರ ಇಬ್ಬರ ಒಪ್ಪಿಗೆ ಇರಲಿ. ಇದಕ್ಕೆ ಸಮಾನಾಂತರ ಪಾಲನೆ ಎನ್ನುತ್ತಾರೆ. ಅನೇಕರು ಇಲ್ಲಿಂದಲೇ ಶುರು ಮಾಡುತ್ತಾರೆ. ನಾವೂ ಮೊದಲ ಒಂದು ವರ್ಷ ಹೀಗೇ ಇದ್ದೆವು.

ಮಗುವಿಗೆ ಹೇಳುವುದು

ಸಾಧ್ಯವಾದರೆ ಇಬ್ಬರೂ ಒಟ್ಟಿಗೆ ಕೂತು ಹೇಳಿ. ಏನು ಹೇಳಬೇಕು ಅಂತ ಮುಂಚೆಯೇ ಮಾತಾಡಿಕೊಂಡಿರಿ. ಮಲಗುವ ಹೊತ್ತಿಗೆ ಬೇಡ, ಶಾಲೆಗೆ ಹೊರಡುವ ಹೊತ್ತಿಗೂ ಬೇಡ. ರಜೆ ದಿನ ಬೆಳಿಗ್ಗೆ ಹೇಳಿದರೆ ಅಳುವುದಕ್ಕೆ, ಪ್ರಶ್ನೆ ಕೇಳುವುದಕ್ಕೆ ಮಗುವಿಗೆ ಇಡೀ ದಿನ ಇರುತ್ತದೆ.

ಹೇಳಬೇಕಾದ್ದು ಜಾಸ್ತಿ ಇಲ್ಲ. ನಾವಿಬ್ಬರೂ ಇನ್ನು ಮುಂದೆ ಬೇರೆ ಬೇರೆ ಮನೆಯಲ್ಲಿ ಇರುತ್ತೇವೆ. ಇದು ದೊಡ್ಡವರ ತೀರ್ಮಾನ, ನಿನ್ನಿಂದ ಆದದ್ದಲ್ಲ. ನಾನು ಯಾವತ್ತೂ ನಿನ್ನ ಅಪ್ಪನೇ, ಇವರು ನಿನ್ನ ಅಮ್ಮನೇ. ಇಷ್ಟು ಹೇಳಿ, ಕೂಡಲೇ ನಾಳೆಯ ವಿಷಯಕ್ಕೆ ಬನ್ನಿ: ಎಲ್ಲಿ ಮಲಗುತ್ತೀಯ, ಶಾಲೆಗೆ ಯಾರು ಬಿಡುತ್ತಾರೆ, ನಿನ್ನ ಸೈಕಲ್ ಎಲ್ಲಿರುತ್ತದೆ. ಯಾಕೆ ಬೇರೆಯಾದಿರಿ ಅನ್ನುವುದಕ್ಕಿಂತ ಸೈಕಲ್ ಎಲ್ಲಿರುತ್ತದೆ ಅನ್ನುವುದೇ ಚಿಕ್ಕ ಮಕ್ಕಳಿಗೆ ದೊಡ್ಡ ಪ್ರಶ್ನೆ.

ಮೂರರಿಂದ ಆರು ವರ್ಷದ ಮಕ್ಕಳು ಏನು ಕೆಟ್ಟದ್ದಾದರೂ ತಮ್ಮಿಂದಲೇ ಆಯಿತು ಅಂದುಕೊಳ್ಳುತ್ತಾರೆ. "ನಾನು ಹಟ ಮಾಡಿದ್ದಕ್ಕೇ ಅಪ್ಪ ಹೋದ" ಅನ್ನುವ ಲೆಕ್ಕ ಅವರದ್ದು. ಹಾಗಾಗಿ "ನಿನ್ನ ತಪ್ಪಿಲ್ಲ" ಅನ್ನುವುದನ್ನು ಒಂದು ಸಲ ಹೇಳಿ ಮುಗಿಸಬೇಡಿ. ವಾರಕ್ಕೊಮ್ಮೆ, ತಿಂಗಳಿಗೊಮ್ಮೆ, ಬೇರೆ ಬೇರೆ ಮಾತಲ್ಲಿ ಹೇಳುತ್ತಿರಿ. ಹಾಸಿಗೆ ಒದ್ದೆ ಮಾಡುವುದು, ಬಿಟ್ಟಿದ್ದ ಬೆರಳು ಚೀಪುವುದು ಮತ್ತೆ ಶುರುವಾದರೆ ಬೈಯಬೇಡಿ. ಸ್ವಲ್ಪ ದೊಡ್ಡ ಮಕ್ಕಳು ನೀವಿಬ್ಬರೂ ಮತ್ತೆ ಒಂದಾಗುತ್ತೀರಿ ಅಂತ ಕಾಯುತ್ತಾರೆ. ಆ ಆಸೆಗೆ ನೀರೆರೆಯಬೇಡಿ, ಅದನ್ನು ನೋಡಿ ನಗಲೂ ಬೇಡಿ. ಒಂಬತ್ತು ಹತ್ತು ದಾಟಿದವರು ಒಬ್ಬರ ಪಕ್ಷ ವಹಿಸಿ ಇನ್ನೊಬ್ಬರ ಮೇಲೆ ಸಿಟ್ಟಾಗಬಹುದು. ನಿಮ್ಮ ಪಕ್ಷ ವಹಿಸಿದರೆ ಖುಷಿಪಡಬೇಡಿ. ಆ ಖುಷಿಗೆ ಬೆಲೆ ತೆರುವುದು ಮಗು.

ಯಾರ ಹತ್ತಿರ ಯಾವಾಗ?

ಕೋರ್ಟಿನ ಆದೇಶ ಇದ್ದರೆ ಅದೇ ಮೊದಲು. ಅದರೊಳಗೆ ದಿನಗಳನ್ನು ಹೇಗೆ ಹಂಚಿಕೊಳ್ಳುವುದು ಅನ್ನುವುದು ಎಷ್ಟೋ ಸಲ ನಿಮ್ಮಿಬ್ಬರಿಗೇ ಬಿಟ್ಟಿರುತ್ತದೆ. ಜನ ಬಳಸುವ ಮಾದರಿಗಳು ಹೆಚ್ಚಿಲ್ಲ.

ಒಂದು, 2-2-3. ಎರಡು ದಿನ ಅಮ್ಮ, ಎರಡು ದಿನ ಅಪ್ಪ, ಮತ್ತೆ ಮೂರು ದಿನ ಅಮ್ಮ. ಮುಂದಿನ ವಾರ ತಿರುವು ಮುರುವು. ಇದರಲ್ಲಿ ಯಾರನ್ನೂ ಮೂರು ದಿನಕ್ಕಿಂತ ಹೆಚ್ಚು ಬಿಟ್ಟಿರಬೇಕಾಗಿಲ್ಲ, ಹಾಗಾಗಿ ಚಿಕ್ಕ ಮಕ್ಕಳಿಗೆ ಒಳ್ಳೆಯದು. ಆದರೆ ಓಡಾಟ ಜಾಸ್ತಿ, ಎರಡು ಮನೆ ಹತ್ತಿರ ಇರಬೇಕು. ಇನ್ನೊಂದು, 2-2-5-5. ಸೋಮವಾರ ಮಂಗಳವಾರ ಯಾವಾಗಲೂ ಒಬ್ಬರದು, ಬುಧವಾರ ಗುರುವಾರ ಯಾವಾಗಲೂ ಇನ್ನೊಬ್ಬರದು, ಶುಕ್ರವಾರದಿಂದ ಭಾನುವಾರ ಒಂದು ವಾರ ಬಿಟ್ಟು ಒಂದು ವಾರ. ಶಾಲೆಗೆ ಹೋಗುವ ಮಕ್ಕಳಿಗೆ ಇದು ಹಿಡಿಸುತ್ತದೆ, "ಇವತ್ತು ಮಂಗಳವಾರ, ಅಮ್ಮನ ಮನೆ" ಅಂತ ಅವರೇ ಹೇಳಿಬಿಡುತ್ತಾರೆ. ಹತ್ತು ಹನ್ನೆರಡು ದಾಟಿದವರಿಗೆ ಒಂದು ವಾರ ಇಲ್ಲಿ, ಒಂದು ವಾರ ಅಲ್ಲಿ ಸರಿಹೋಗುತ್ತದೆ. ಮನೆಗಳು ದೂರ ಇದ್ದರೆ ಮಗು ಒಂದು ಮನೆಯಲ್ಲಿದ್ದು, ವಾರ ಬಿಟ್ಟು ವಾರದ ಕೊನೆಗೆ ಮತ್ತು ರಜೆಯಲ್ಲಿ ಇನ್ನೊಂದು ಮನೆಗೆ ಹೋಗಬಹುದು.

ಎರಡು ವರ್ಷದೊಳಗಿನ ಮಗುವಿನ ವಿಷಯ ಬೇರೆ. ಅದಕ್ಕೆ ಉದ್ದದ ಭೇಟಿಗಿಂತ ಪದೇ ಪದೇ ಆಗುವ ಚಿಕ್ಕ ಭೇಟಿ ಮುಖ್ಯ. ಹಾಲು, ನಿದ್ದೆಯ ಹೊತ್ತು ಎರಡೂ ಕಡೆ ಒಂದೇ ಇರಲಿ.

ಸಮಪಾಲು ಆಯಿತೋ ಇಲ್ಲವೋ ಅಂತ ಗಂಟೆ ಎಣಿಸುತ್ತಾ ಕೂರಬೇಡಿ. ಮಗುವಿಗೆ ಮುಂದಿನ ದಿನ ಎಲ್ಲಿ ಅಂತ ಗೊತ್ತಿರಬೇಕು, ಅದು ಹೆಚ್ಚು ಮುಖ್ಯ. ಎರಡೂ ಮನೆಯ ಗೋಡೆ ಮೇಲೆ ಒಂದೇ ಥರದ ಕ್ಯಾಲೆಂಡರ್ ಹಾಕಿ, ಅಮ್ಮನ ದಿನಕ್ಕೊಂದು ಬಣ್ಣ, ಅಪ್ಪನ ದಿನಕ್ಕೊಂದು ಬಣ್ಣ ಹಚ್ಚಿ. ಫೋನಿನಲ್ಲಿ ಇಬ್ಬರೂ ನೋಡುವ ಹಾಗೆ ಗೂಗಲ್ ಕ್ಯಾಲೆಂಡರ್ ಹಂಚಿಕೊಳ್ಳಿ. ಹಬ್ಬ, ಹುಟ್ಟುಹಬ್ಬ, ಬೇಸಿಗೆ ರಜೆ ಯಾರ ಹತ್ತಿರ ಅನ್ನುವುದನ್ನು ವರ್ಷದ ಶುರುವಿನಲ್ಲೇ ಬರೆದಿಡಿ. ಹಿಂದಿನ ವಾರ ಕೂತು ತೀರ್ಮಾನ ಮಾಡುತ್ತೇವೆ ಅಂದರೆ ಜಗಳ ಗ್ಯಾರಂಟಿ.

ಬೇರೆ ದೇಶಕ್ಕೆ ಮಗುವನ್ನು ಕರೆದೊಯ್ಯುವುದಿದ್ದರೆ ಇನ್ನೊಬ್ಬರ ಲಿಖಿತ ಒಪ್ಪಿಗೆ ಪಡೆದೇ ಹೊರಡಿ. ಒಪ್ಪಿಗೆಯಿಲ್ಲದೆ ಹಾಗೆ ಕರೆದೊಯ್ದ ಮಕ್ಕಳನ್ನು ವಾಪಸ್ ಕಳಿಸುವುದಕ್ಕೆಂದೇ 1980ರ ಹೇಗ್ ಒಪ್ಪಂದ ಇದೆ, ಅನೇಕ ದೇಶಗಳು ಅದಕ್ಕೆ ಸಹಿ ಹಾಕಿವೆ.

ಬ್ಯಾಗು ಹಗುರ ಮಾಡಿ

ಮಗು ನೆಂಟರ ಮನೆಗೆ ಬಂದ ಹಾಗೆ ಬರಬಾರದು. ಹಲ್ಲುಜ್ಜುವ ಬ್ರಷ್, ಒಳಬಟ್ಟೆ, ಮನೆಬಟ್ಟೆ, ಚಪ್ಪಲಿ, ಹೊದಿಕೆ, ಪೆನ್ಸಿಲ್ ಡಬ್ಬಿ, ಚಾರ್ಜರ್ ಎಲ್ಲ ಎರಡೂ ಮನೆಯಲ್ಲಿ ಇರಲಿ. ಮನೆ ಚಿಕ್ಕದಾದರೂ ಪರವಾಗಿಲ್ಲ, ಮಗುವಿನದೇ ಅನ್ನುವ ಒಂದು ಕಪಾಟು ಅಥವಾ ಒಂದು ಡ್ರಾಯರ್ ಇರಲಿ. ಮಗು ಇಲ್ಲದಾಗ ಅದನ್ನು ಯಾರೂ ಮುಟ್ಟಬೇಡಿ.

ಇನ್ನೊಂದು ಮನೆಯಿಂದ ಬಂದ ಬಟ್ಟೆಯನ್ನು ಒಗೆದು ವಾಪಸ್ ಕಳಿಸಿ. "ಅದು ನಾನು ಕೊಡಿಸಿದ್ದು, ಅಲ್ಲಿಗೆ ತಗೊಂಡು ಹೋಗಬೇಡ" ಅಂತ ದಯವಿಟ್ಟು ಹೇಳಬೇಡಿ. ಕೊಡಿಸಿದ ಮೇಲೆ ಅದು ಮಗುವಿನದು. ನನ್ನ ಮಗಳ ಹತ್ತಿರ ಒಂದು ಕಿವಿ ಕಿತ್ತುಹೋದ ಬಟ್ಟೆ ಮೊಲ ಇತ್ತು. ಅದು ಇಲ್ಲದೆ ನಿದ್ದೆ ಬರುತ್ತಿರಲಿಲ್ಲ. ಎರಡನೆಯದು ತಂದರೆ ಅವಳು ಒಪ್ಪಲಿಲ್ಲ. ಹಾಗಾಗಿ ಬ್ಯಾಗಿನಲ್ಲಿ ಓಡಾಡುತ್ತಿದ್ದದ್ದು ಮೂರೇ: ಶಾಲೆ ಪುಸ್ತಕ, ಮೊಲ, ಮತ್ತೆ ಒಂದು ನೋಟ್‌ಬುಕ್.

ಆ ನೋಟ್‌ಬುಕ್ ಶುರುವಾಗಿದ್ದು ಸಿರಪ್ಪಿನ ಆ ರಾತ್ರಿಯ ಮಾರನೇ ದಿನ. ಒಂದೊಂದು ಸಲಕ್ಕೆ ನಾಲ್ಕೈದು ಸಾಲು, ಅಷ್ಟೇ. ಯಾವ ಔಷಧಿ, ಎಷ್ಟು ಎಂಎಲ್, ಎಷ್ಟು ಗಂಟೆಗೆ. ಏನು ತಿಂದಳು, ಹೇಗೆ ನಿದ್ದೆ ಮಾಡಿದಳು. ಹೋಂವರ್ಕ್ ಏನು ಉಳಿದಿದೆ. ಏನಾದರೂ ಹೆದರಿದ್ದಳಾ, ಅತ್ತಿದ್ದಳಾ. ಮೊದಲ ಪುಟದಲ್ಲಿ ರಕ್ತದ ಗುಂಪು, ಅಲರ್ಜಿ, ಡಾಕ್ಟರ್ ನಂಬರ್, ಲಸಿಕೆಯ ತಾರೀಖು. ಬೈಗುಳ, ಟೀಕೆ, "ನೀವು ಯಾಕೆ ಹೀಗೆ ಮಾಡಿದ್ರಿ" ಇಂಥದ್ದಕ್ಕೆ ಅದರಲ್ಲಿ ಜಾಗ ಇಲ್ಲ. ಮಗು ಓದು ಕಲಿತ ಮೇಲೆ ಅದನ್ನು ಓದೇ ಓದುತ್ತದೆ.

ಬಾಗಿಲಿನ ಐದು ನಿಮಿಷ

ವಾರದಲ್ಲಿ ಮಗುವಿಗೆ ಅತಿ ಕಷ್ಟದ ಹೊತ್ತು ಇದು. ಒಬ್ಬರ ಕೈ ಬಿಟ್ಟು ಇನ್ನೊಬ್ಬರ ಕೈ ಹಿಡಿಯುವ ಹೊತ್ತು. ಇಬ್ಬರ ಮುಖವನ್ನೂ ಅದು ಓದುತ್ತಿರುತ್ತದೆ.

ಕರೆದುಕೊಂಡು ಬರಲು ಹೋಗುವುದಕ್ಕಿಂತ ಬಿಟ್ಟು ಬರುವ ಪದ್ಧತಿ ಇಟ್ಟುಕೊಳ್ಳಿ. ಅಂದರೆ ಮಗು ಯಾರ ಹತ್ತಿರ ಇದೆಯೋ ಅವರೇ ಇನ್ನೊಬ್ಬರ ಮನೆಗೆ ಬಿಡಬೇಕು. ನೀವೇ ಕೈ ಹಿಡಿದು ಕರೆದೊಯ್ದರೆ "ಹೋಗು, ನನಗೆ ಒಪ್ಪಿಗೆ ಇದೆ" ಅಂತ ಹೇಳಿದ ಹಾಗೆ. ಇನ್ನೊಬ್ಬರು ಬಂದು ಆಟದ ಮಧ್ಯೆ ಎಬ್ಬಿಸಿಕೊಂಡು ಹೋದರೆ ಕಿತ್ತುಕೊಂಡು ಹೋದ ಹಾಗೆ. ಮುಖಾಮುಖಿ ಆಗುವುದೇ ಬೇಡ ಅನ್ನುವವರು ಶಾಲೆಯನ್ನೇ ಬಳಸಿಕೊಳ್ಳಿ: ಬೆಳಿಗ್ಗೆ ಒಬ್ಬರು ಬಿಟ್ಟರೆ ಸಂಜೆ ಇನ್ನೊಬ್ಬರು ಕರೆತರುತ್ತಾರೆ.

ಹೇಳಿದ ಹೊತ್ತಿಗೆ ಸರಿಯಾಗಿ ಹೋಗಿ. ತಡವಾಗುತ್ತೆ ಅನ್ನಿಸಿದರೆ ಆಗಲೇ ಮೆಸೇಜ್ ಹಾಕಿ. ಶೂ ಹಾಕಿಕೊಂಡು ಕಿಟಕಿ ಹತ್ತಿರ ನಿಂತ ಮಗುವಿಗೆ ಅರ್ಧ ಗಂಟೆ ಬಹಳ ಉದ್ದ. ದುಡ್ಡು, ವಕೀಲರು, ಹಳೇ ಪುರಾಣ ಯಾವುದನ್ನೂ ಬಾಗಿಲಲ್ಲಿ ತೆಗೆಯಬೇಡಿ. "ಮಧ್ಯಾಹ್ನ ಸರಿಯಾಗಿ ಊಟ ಮಾಡಿಲ್ಲ, ನಾಳೆ ಡ್ರಾಯಿಂಗ್ ಪುಸ್ತಕ ಬೇಕು" ಅಷ್ಟು ಸಾಕು. ಬೀಳ್ಕೊಡುವಾಗ "ನೀನಿಲ್ಲದೆ ನನಗೆ ಇರೋಕಾಗಲ್ಲ" ಅಂತ ಕಣ್ಣೀರು ಹಾಕಬೇಡಿ. ಅಳು ಬಂದರೆ ಮಗು ಒಳಗೆ ಹೋದ ಮೇಲೆ ಅಳಿ. ನಾನು ಎಷ್ಟೋ ಸಲ ತಿರುವಿನಲ್ಲಿ ಗಾಡಿ ನಿಲ್ಲಿಸಿ ಅತ್ತಿದ್ದೇನೆ.

ಬಂದ ಮೊದಲ ಒಂದೆರಡು ಗಂಟೆ ಮಗು ಸಿಡುಕುವುದು, ಸುಮ್ನೆ ಮೂಲೆ ಹಿಡಿಯುವುದು ಸಾಮಾನ್ಯ. ಅದನ್ನು ಇನ್ನೊಬ್ಬರ ತಪ್ಪು ಅಂತ ಓದಬೇಡಿ. ಒಂದು ಮನೆಯಿಂದ ಇನ್ನೊಂದಕ್ಕೆ ಮನಸ್ಸು ಬರಲು ಹೊತ್ತು ಬೇಕು. ಪ್ರಶ್ನೆ ಕೇಳದೆ ಪಕ್ಕದಲ್ಲಿ ಕೂತಿರಿ.

ನಿಮ್ಮಿಬ್ಬರ ಮಾತು

"ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು" ಅಂತ ಗಾದೆ. ಗಾದೆ ಜಗಳ ಅನ್ನುತ್ತದೆ, ಬೇರೆಯಾಗುವುದರ ಮಾತೇ ಅಲ್ಲಿಲ್ಲ. ಸಂಶೋಧಕರು ಕಂಡಿದ್ದೂ ಹೀಗೇ ಇದೆ. ಪಾಲ್ ಅಮಾಟೊ ಮತ್ತು ಬ್ರೂಸ್ ಕೀತ್ 1991ರಲ್ಲಿ, ಅಲ್ಲಿಯವರೆಗಿನ 92 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ಡೈವೋರ್ಸ್ ಆದ ಮನೆಯ ಮಕ್ಕಳಿಗೂ ಉಳಿದ ಮಕ್ಕಳಿಗೂ ವ್ಯತ್ಯಾಸ ಇತ್ತು, ಆದರೆ ಸರಾಸರಿಯಲ್ಲಿ ಅದು ದೊಡ್ಡದೇನಲ್ಲ. ಒಟ್ಟಿಗಿದ್ದು ಸದಾ ಕಿತ್ತಾಡುವ ಅಪ್ಪ ಅಮ್ಮನ ಮಕ್ಕಳ ಸ್ಥಿತಿ ಡೈವೋರ್ಸ್ ಆದ ಮನೆಯ ಮಕ್ಕಳಿಗಿಂತ ಕೆಟ್ಟದಾಗಿತ್ತು. ಅಂದರೆ ಬೇರೆಯಾದ ಮೇಲೂ ಜಗಳ ಹಾಗೇ ಮುಂದುವರಿದರೆ, ಮಗುವಿನ ಪಾಲಿಗೆ ಬೇರೆಯಾಗಿ ಬಂದ ಲಾಭ ಏನು?

ಬಿಲ್ ಎಡ್ಡಿ ಅನ್ನುವ ಅಮೆರಿಕದ ವಕೀಲರು ಇಂಥ ಮೆಸೇಜುಗಳಿಗೆ ನಾಲ್ಕು ಗುಣ ಹೇಳುತ್ತಾರೆ: ಚಿಕ್ಕದಾಗಿರಬೇಕು, ಬೇಕಾದ ಮಾಹಿತಿ ಇರಬೇಕು, ಸ್ನೇಹದಿಂದ ಇರಬೇಕು, ಖಚಿತವಾಗಿರಬೇಕು. ಬಳಸಿ ನೋಡಿ. "ಯಾವಾಗ್ಲೂ ನಿಂದು ಇದೇ ಕಥೆ, ಮಗು ಕಾಯ್ತಾ ಕೂತಿದ್ರೂ ನಿನಗೆ ಪರಿವೆ ಇಲ್ಲ" ಅಂತ ಬರೆಯುವ ಬದಲು: "ನಮಸ್ಕಾರ. ಶನಿವಾರ ಆರಕ್ಕೆ ಬದಲು ಏಳಕ್ಕೆ ಬಂದಿರಿ. ಮುಂದಿನ ವಾರ ಆರಕ್ಕೆ ಆಗುತ್ತದೆಯೇ, ಅಥವಾ ಏಳು ಗಂಟೆಯನ್ನೇ ಗೊತ್ತು ಮಾಡೋಣವೇ? ಗುರುವಾರದೊಳಗೆ ತಿಳಿಸಿ." ವಿಷಯ ಒಂದೇ. ಎರಡನೆಯದಕ್ಕೆ ಉತ್ತರ ಬರುತ್ತದೆ.

ನಮ್ಮ ಭಾಷೆ ಇಲ್ಲಿ ಒಂದು ದೊಡ್ಡ ಸಹಾಯ ಮಾಡುತ್ತದೆ. ಮದುವೆಯಾಗಿದ್ದಾಗ ನಾನು ಅವರನ್ನು "ನೀನು" ಅನ್ನುತ್ತಿದ್ದೆ. ಬೇರೆಯಾದ ಮೇಲೆ ಮೆಸೇಜಿನಲ್ಲಿ "ನೀವು" ಅಂತ ಬರೆಯತೊಡಗಿದೆ. ಮೊದಲು ನಾಟಕ ಅನ್ನಿಸಿತು. ಆದರೆ ಏಕವಚನದಲ್ಲಿ ಜಗಳ ಹತ್ತುವಷ್ಟು ಬೇಗ ಬಹುವಚನದಲ್ಲಿ ಹತ್ತುವುದಿಲ್ಲ. ಆಫೀಸಿನಲ್ಲಿ ಜೊತೆಗೆ ಕೆಲಸ ಮಾಡುವವರ ಹತ್ತಿರ ಇರುವಷ್ಟು ಮರ್ಯಾದೆ, ಅಷ್ಟೇ ಅಂತರ. ಅದು ಸಾಕು.

ಸಿಟ್ಟು ಬರಿಸುವ ಮೆಸೇಜ್ ಬಂದರೆ ಮಾರನೇ ದಿನದವರೆಗೆ ಉತ್ತರ ಬರೆಯಬೇಡಿ. ಮಗುವಿನ ಆರೋಗ್ಯದ ವಿಷಯಕ್ಕೆ ಮಾತ್ರ ಇದು ಅನ್ವಯಿಸದು, ಅದಕ್ಕೆ ಎಂಥ ಸಿಟ್ಟಿದ್ದರೂ ಕೂಡಲೇ ಫೋನ್ ಎತ್ತಿ. ಮತ್ತೆ, ಮಗುವಿನ ಕೈಲಿ ಸುದ್ದಿ ಕಳಿಸಬೇಡಿ. "ಅಪ್ಪನಿಗೆ ಫೀಸ್ ಕಟ್ಟೋಕೆ ಹೇಳು" ಅನ್ನುವುದು ಚಿಕ್ಕ ಮಾತಿನ ಹಾಗೆ ಕಾಣುತ್ತದೆ. ಆ ಮಾತು ಹೇಳಿದಾಗ ಅಪ್ಪನ ಮುಖ ಗಂಟಿಕ್ಕುವುದನ್ನು ನೋಡಬೇಕಾದವರು ಯಾರು?

ದುಡ್ಡು

ಜೀವನಾಂಶದ ಮೊತ್ತ ಕೋರ್ಟಿನಲ್ಲಿ ತೀರ್ಮಾನವಾಗಿದ್ದರೂ ಕನ್ನಡಕ, ಹಲ್ಲಿನ ಡಾಕ್ಟರು, ಶಾಲೆಯ ಟ್ರಿಪ್ ಇಂಥದ್ದಕ್ಕೆ ಜಗಳ ಬರುತ್ತದೆ. ಯಾವ ಖರ್ಚು ಹಂಚಿಕೊಳ್ಳಬೇಕು, ಎಷ್ಟರ ಮೇಲಿನ ಖರ್ಚಿಗೆ ಮೊದಲೇ ಕೇಳಬೇಕು ಅಂತ ಬರೆದಿಟ್ಟುಕೊಳ್ಳಿ. ಬಿಲ್ಲಿನ ಫೋಟೋ ಒಂದೇ ಕಡೆ ಹಾಕಿ, ತಿಂಗಳಿಗೊಮ್ಮೆ ಲೆಕ್ಕ ಚುಕ್ತಾ ಮಾಡಿ. ದುಡ್ಡು ತಡವಾಯಿತು ಅಂತ ಮಗುವಿನ ಭೇಟಿ ತಡೆಯಬೇಡಿ. ಭೇಟಿ ತಪ್ಪಿತು ಅಂತ ದುಡ್ಡು ನಿಲ್ಲಿಸಬೇಡಿ. ಎರಡೂ ಬೇರೆ ಬೇರೆ.

ಎರಡು ಮನೆ, ಎಷ್ಟು ನಿಯಮ?

ಎಲ್ಲವೂ ಒಂದೇ ಥರ ಇರಬೇಕು ಅಂತ ಪಟ್ಟು ಹಿಡಿಯಬೇಡಿ. ಮಲಗುವ ಹೊತ್ತು, ಹೋಂವರ್ಕ್, ಫೋನ್ ನೋಡುವ ಹೊತ್ತು, ಔಷಧಿ, ಹೊಡೆಯಬಾರದು ಅನ್ನುವುದು. ಇಷ್ಟು ಒಂದೇ ಇದ್ದರೆ ಸಾಕು. ಅಲ್ಲಿ ಸೋಫಾ ಮೇಲೆ ಕೂತು ತಿನ್ನಬಹುದು, ಇಲ್ಲಿ ಆಗಲ್ಲ ಅಂದರೆ ಮಕ್ಕಳು ಹೊಂದಿಕೊಳ್ಳುತ್ತಾರೆ. ಮನೆಯಲ್ಲೊಂದು, ಶಾಲೆಯಲ್ಲೊಂದು ನಿಯಮಕ್ಕೆ ಹೊಂದಿಕೊಳ್ಳಲ್ವಾ, ಹಾಗೆ.

"ಅಮ್ಮ ಅಲ್ಲಿ ಬಿಡ್ತಾಳೆ" ಅಂತ ಮಗು ಹೇಳಿದರೆ, "ಅದು ಅಮ್ಮನ ಮನೆ ಪದ್ಧತಿ, ಇದು ಇಲ್ಲಿಯದು" ಅಂದುಬಿಡಿ. ನಿಜವೇ ಅಂತ ನೋಡಬೇಕಾದ ವಿಷಯವಾದರೆ ದೊಡ್ಡವರನ್ನೇ ಕೇಳಿ.

ಮಗು ಮಧ್ಯೆ ಸಿಕ್ಕಿಕೊಂಡಾಗ

ಏಳನೇ ವರ್ಷದಲ್ಲಿ ಮಗಳು ಅಮ್ಮನ ಮನೆಯಿಂದ ಬಂದಾಗಲೆಲ್ಲ ಅಲ್ಲಿ ಏನೂ ಆಗಲೇ ಇಲ್ಲ ಅನ್ನುವಂತೆ ಇರುತ್ತಿದ್ದಳು. ಏನು ಮಾಡಿದೆ ಅಂದರೆ "ಏನಿಲ್ಲ". ಒಂದು ರಾತ್ರಿ ದೀಪ ಆರಿಸಿದ ಮೇಲೆ ಕತ್ತಲಲ್ಲಿ ಕೇಳಿದಳು: "ಅಲ್ಲಿ ಚೆನ್ನಾಗಿತ್ತು ಅಂದ್ರೆ ನಿನಗೆ ಬೇಜಾರಾಗುತ್ತೆ ಅಲ್ವಾ ಅಪ್ಪ?" ನಾನು ಯಾವತ್ತೂ ಅವಳೆದುರು ಅಮ್ಮನನ್ನು ಬೈದಿರಲಿಲ್ಲ. ಆದರೆ ಅವಳು ಅಲ್ಲಿಯ ಸುದ್ದಿ ತೆಗೆದಾಗ ನಾನು ಮಾತು ಬದಲಾಯಿಸುತ್ತಿದ್ದೆ. ಅಷ್ಟು ಸಾಕಾಗಿತ್ತು ಅವಳಿಗೆ ಅರ್ಥವಾಗಲು. ಅವತ್ತಿನಿಂದ ನಾನೇ ಕೇಳತೊಡಗಿದೆ: "ಈ ಸಲ ಅಲ್ಲಿ ನಗು ಬರೋ ಅಂಥದ್ದು ಏನಾಯ್ತು?" ಸುಮಾರು ಎರಡು ತಿಂಗಳಾದ ಮೇಲೆ ಅವಳು ಹೇಳಲು ಶುರು ಮಾಡಿದಳು.

ಅಲ್ಲಿ ಯಾರು ಬಂದಿದ್ದರು, ಎಷ್ಟಕ್ಕೆ ಹೊರಗೆ ಹೋದರು ಅಂತ ಬಾಯಿ ಬಿಡಿಸುವುದು ಬೇರೆ, ಇದು ಬೇರೆ. ಮಗುವಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಅಜ್ಜಿ, ತಾತ, ಚಿಕ್ಕಮ್ಮ, ಮಾವ ಇವರಿಗೂ ಒಂದು ಮಾತು ಗಟ್ಟಿಯಾಗಿ ಹೇಳಿಡಿ: ಮಗುವಿನ ಮುಂದೆ ಅದರ ಅಪ್ಪನನ್ನಾಗಲಿ ಅಮ್ಮನನ್ನಾಗಲಿ ಆಡಿಕೊಳ್ಳಬಾರದು. ಪ್ರೀತಿಯಿಂದಲೇ ಆಡಿಕೊಳ್ಳುತ್ತಾರೆ, ಆದರೂ ಬೇಡ.

ಊಟ, ನಿದ್ದೆ ಕೆಟ್ಟು ವಾರಗಟ್ಟಲೆ ಸರಿಹೋಗದಿದ್ದರೆ, ಶಾಲೆಗೆ ಹೋಗಲ್ಲ ಅಂದರೆ, ಸಾಯುವ ಮಾತಾಡಿದರೆ ಕಾಯಬೇಡಿ, ಮಕ್ಕಳ ಮನೋವೈದ್ಯರನ್ನೋ ಕೌನ್ಸೆಲರನ್ನೋ ನೋಡಿ. ಇಬ್ಬರೂ ಹೋಗಿ. ಶಾಲೆಯ ಟೀಚರಿಗೂ ಮನೆಯ ವಿಷಯ ತಿಳಿದಿರಲಿ, ಎರಡೂ ಫೋನ್ ನಂಬರ್ ಕೊಟ್ಟಿರಿ.

ಹೊಸಬರು ಬಂದಾಗ

ನಿಮ್ಮ ಬದುಕಿನಲ್ಲಿ ಇನ್ನೊಬ್ಬರು ಬರಬಹುದು. ಸಂಬಂಧ ಗಟ್ಟಿ ಅಂತ ನಿಮಗೆ ಖಾತ್ರಿಯಾಗುವವರೆಗೆ ಮಗುವಿಗೆ ಪರಿಚಯಿಸಬೇಡಿ. ಮಗುವಿಗೆ ಹೇಳುವ ಮೊದಲು ಇನ್ನೊಂದು ಮನೆಗೆ ಒಂದು ಸಾಲು ತಿಳಿಸಿ. ಅದು ಅನುಮತಿ ಕೇಳಿದ ಹಾಗಲ್ಲ. ಆ ಸುದ್ದಿಯನ್ನು ಮಗು ಹೊತ್ತೊಯ್ಯಬಾರದಲ್ಲ, ಅದಕ್ಕೆ. ಹೊಸಬರನ್ನು ಅಪ್ಪ, ಅಮ್ಮ ಅಂತ ಕರೆಯಲು ಬಲವಂತ ಬೇಡ.

ಶಾಲೆಯ ಕಾರ್ಯಕ್ರಮ ಮತ್ತು ಆರು ತಿಂಗಳ ಮಾತುಕತೆ

ಶಾಲೆಯ ಕಾರ್ಯಕ್ರಮಕ್ಕೆ ಇಬ್ಬರೂ ಹೋಗಿ, ಒಂದೇ ಸಾಲಿನಲ್ಲಿ ಕೂರಿ. ಮಧ್ಯೆ ನಾಲ್ಕು ಕುರ್ಚಿ ಬಿಟ್ಟರೂ ಸರಿ. ಇಬ್ಬರು ಹಾಲಿನ ಎರಡು ಮೂಲೆಯಲ್ಲಿ ಕೂತರೆ, ಸ್ಟೇಜ್ ಇಳಿದ ಮಗು ಮೊದಲು ಯಾರ ಕಡೆ ಓಡಬೇಕು ಅಂತ ನಿಂತಲ್ಲೇ ಯೋಚಿಸಬೇಕಾಗುತ್ತದೆ.

ಆರು ತಿಂಗಳಿಗೊಮ್ಮೆ ವೇಳಾಪಟ್ಟಿಯನ್ನು ತೆಗೆದು ನೋಡಿ. ಐದು ವರ್ಷಕ್ಕೆ ಸರಿಯಿದ್ದದ್ದು ಒಂಬತ್ತಕ್ಕೆ ಬಿಗಿಯಾಗುತ್ತದೆ. ಮನೆಯಲ್ಲಿ ಬೇಡ, ಹೊರಗೆ ಎಲ್ಲಾದರೂ ಒಂದು ಗಂಟೆ ಕೂರಿ, ಮಾತಾಡಬೇಕಾದ್ದನ್ನು ಮೊದಲೇ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಮಗುವಿನ ಅಭಿಪ್ರಾಯ ಕೇಳಿ, ಅದೇ ಒಡಂಬಡಿಕೆಯ 12ನೇ ವಿಧಿ ಮಗುವಿಗೆ ಆ ಹಕ್ಕನ್ನೂ ಕೊಟ್ಟಿದೆ. ಆದರೆ "ನಿನಗೆ ಯಾರ ಹತ್ತಿರ ಇರಬೇಕು?" ಅಂತ ಕೇಳಬೇಡಿ. "ಈಗ ನಡೀತಿರೋದರಲ್ಲಿ ನಿನಗೆ ಯಾವುದು ಕಷ್ಟ ಆಗ್ತಿದೆ?" ಅಂತ ಕೇಳಿ.

ಕಳೆದ ಸಲ ನಾವು ಹಾಗೆ ಕೇಳಿದಾಗ ಮಗಳು ಬುಧವಾರ ಅಂದಳು. ಬುಧವಾರ ಅವಳಿಗೆ ಈಜು ಕ್ಲಾಸು, ಈಜುಕೊಳ ಇರುವುದು ಅಮ್ಮನ ಮನೆ ಹತ್ತಿರ, ಒದ್ದೆ ಕೂದಲಲ್ಲಿ ನನ್ನ ಮನೆವರೆಗೆ ಬರುವಷ್ಟರಲ್ಲಿ ಚಳಿ ಹಿಡಿಯುತ್ತಿತ್ತು. ಬುಧವಾರ ಅಮ್ಮನಿಗೆ ಹೋಯಿತು, ಸೋಮವಾರ ನನಗೆ ಬಂತು. ಎರಡೂ ಮನೆಯ ಕ್ಯಾಲೆಂಡರಿನ ಬಣ್ಣವನ್ನು ಅವಳೇ ಬದಲಾಯಿಸಿದಳು.